ಕಿಟ್ಟೆಲ್ ಅಂದರೆ ಕೆಟಲ್ ಅಲ್ಲ, ಮೇಲಂಗಿ

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಜರ್ಮನಿಯಲ್ಲಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಲ್ಯಾಬಿನ ಬಾಗಿಲು ತೋರಿಸಿದಳು. ಅಲ್ಲೊಂದು ಬೋರ್ಡು, ‘ಕಿಟ್ಟೆಲ್ ಇಲ್ಲದೆ ಒಳಗೆ ಬರಬೇಡಿ’ ಅಂತ. ನಾವು ಧಾರವಾಡದವರು, ನಮಗೆ ಕಿಟ್ಟೆಲ್ ಅಂದರೆ ನಿಘಂಟು, ಇಲ್ಲಾಂದ್ರೆ ಕಾಲೇಜು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಮನೆಯಲ್ಲಿ ಜಗಳ ಶುರುವಾಯಿತು. ನಮ್ಮ ಮನೆಯವರು ಅದು ಚಹಾ ಕಾಯಿಸುವ ಕೆಟಲ್ ಪದದ ಜರ್ಮನ್ ರೂಪ ಅಂತಾರೆ. ಮಗಳು ಅದು ಲ್ಯಾಬ್ ಕೋಟು ಅಂತಾಳೆ. ಯಾವುದು ಸರಿ? ನಿಘಂಟಿನ ಕಿಟ್ಟೆಲ್ ಅವರ ಹೆಸರೂ ಇದೇನಾ? ಕೋಟು ಅಂತ ಯಾರಾದರೂ ಅಡ್ಡಹೆಸರು ಇಟ್ಟುಕೊಳ್ಳುತ್ತಾರಾ? ಅದು ಅಲ್ಲಿನ ಯಾವುದಾದರೂ ಜಾತಿಯ ಹೆಸರಾ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮಗಳು ಗೆದ್ದಳು. ನಿಮ್ಮ ಯಜಮಾನರು ಸೋತರು, ಆದರೆ ತೀರಾ ಹೀನಾಯವಾಗಿ ಏನೂ ಸೋತಿಲ್ಲ. ಅವರ ತಪ್ಪಿಗೂ ಒಂದು ಒಳ್ಳೆಯ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದ. ಕಿಟ್ಟೆಲ್ ಅಂದರೆ ಜರ್ಮನ್‌ನಲ್ಲಿ ಬಟ್ಟೆಯ ಮೇಲೆ ಹಾಕಿಕೊಳ್ಳುವ ಸಡಿಲವಾದ ಅಂಗಿ. ಕೆಲಸದ ಅಂಗಿ ಅನ್ನಿ. ಕನ್ನಡದಲ್ಲಿ ಒಂದೇ ಪದ ಕೊಡಿ ಅಂದರೆ ನಾನು ಮೇಲಂಗಿ ಅಂತೀನಿ. ಉದ್ದ ಇದ್ದರೆ ನಿಲುವಂಗಿ. ನಿಮ್ಮ ಮಗಳ ಲ್ಯಾಬಿನದು ಹೇಗಿರುತ್ತೆ ಅಂತ ನಿಮಗೂ ಗೊತ್ತು. ಬಿಳಿ ಕಾಟನ್, ಮೊಣಕಾಲ ತನಕ ಉದ್ದ, ಮುಂದೆ ಸಾಲಾಗಿ ಗುಂಡಿ, ಎದೆಯ ಮೇಲೊಂದು ಜೇಬು, ಅದರ ಅಂಚಿನಲ್ಲಿ ಮುಚ್ಚಳ ಹಾಕದ ಪೆನ್ನಿನ ನೀಲಿ ಕಲೆ. ಬಾಗಿಲ ಹಿಂದೆ ಗೂಟಕ್ಕೆ ನೇತಾಡುತ್ತಿರುತ್ತೆ. ಅದೇ ಕಿಟ್ಟೆಲ್.

ಡಾಕ್ಟರು ಹಾಕುವುದೂ ಕಿಟ್ಟೆಲ್ಲೇ. ಜರ್ಮನ್ನರು ಡಾಕ್ಟರುಗಳನ್ನು ತಮಾಷೆಗೆ ‘ವೈಸ್‌ಕಿಟ್ಟೆಲ್’ ಅಂತಾರೆ, ಬಿಳಿ ಅಂಗಿಯವರು ಅಂತ. ಡಾಕ್ಟರನ್ನು ನೋಡಿದ ಕೂಡಲೇ ಕೆಲವರಿಗೆ ಬಿಪಿ ಏರುತ್ತಲ್ಲ, ಮನೆಯಲ್ಲಿ ನೋಡಿದರೆ ನಾರ್ಮಲ್, ಆಸ್ಪತ್ರೆಯಲ್ಲಿ ನೋಡಿದರೆ ಜಾಸ್ತಿ, ಅದಕ್ಕೂ ಅವರು ಕಿಟ್ಟೆಲ್ ಸೇರಿಸಿಯೇ ಹೆಸರಿಟ್ಟಿದ್ದಾರೆ. ‘ಬಿಳಿ ಕಿಟ್ಟೆಲ್ ಪರಿಣಾಮ’ ಅಂತ.

ಆದರೆ ಊರು ಬದಲಾದರೆ ಅರ್ಥವೂ ಬದಲಾಗುತ್ತೆ. ಇದು ನನಗೆ ಗೊತ್ತಾಗಿದ್ದು ಸ್ವಲ್ಪ ಪೆಚ್ಚಾಗುವ ರೀತಿಯಲ್ಲಿ. ಬಹಳ ವರ್ಷಗಳ ಹಿಂದೆ ಟ್ಯೂಬಿಂಗನ್‌ನಲ್ಲಿ ಒಂದು ಚಳಿಗಾಲ ಬಾಡಿಗೆ ಕೋಣೆಯಲ್ಲಿದ್ದೆ. ಹೊರಡುವ ಹೊತ್ತಿಗೆ ಮನೆಯ ಅಜ್ಜಿ ಕೂಗಿದರು, ಕಿಟ್ಟೆಲ್ ಹಾಕಿಕೋ, ಹೊರಗೆ ಥಂಡಿ ಇದೆ ಅಂತ. ನಾನು ಪುಸ್ತಕದ ಜರ್ಮನ್ ಕಲಿತವನು. ನಾನೇನು ಲ್ಯಾಬಿಗೆ ಹೋಗ್ತಾ ಇದ್ದೀನಾ, ನನ್ನ ಹತ್ತಿರ ಕಿಟ್ಟೆಲ್ ಎಲ್ಲಿದೆ ಅಂತ ಬಾಗಿಲಲ್ಲೇ ಕಕ್ಕಾಬಿಕ್ಕಿಯಾಗಿ ನಿಂತೆ. ಅಜ್ಜಿ ಕುರ್ಚಿಯ ಮೇಲಿದ್ದ ನನ್ನ ಜಾಕೆಟ್ ಎತ್ತಿ ಕೈಗೆ ಕೊಟ್ಟರು. ಆ ಕಡೆ, ಅಂದರೆ ಸ್ವೇಬಿಯಾದಲ್ಲಿ, ಮಾಮೂಲಿ ಜಾಕೆಟ್ಟಿಗೇ ಕಿಟ್ಟೆಲ್ ಅನ್ನುತ್ತಾರೆ. ಇನ್ನೂ ಪೂರ್ವಕ್ಕೆ, ಆಸ್ಟ್ರಿಯಾಕ್ಕೆ ಹೋದರೆ ಕಿಟ್ಟೆಲ್ ಅಂದರೆ ಹೆಂಗಸರ ಲಂಗ! ಅಮ್ಮನ ಸೆರಗು ಬಿಡದ ಮಗ ಅಂತ ನಾವು ಹೇಳುವ ಕಡೆ ಅವರು ಅಮ್ಮನ ಕಿಟ್ಟೆಲ್ ನೆರಿಗೆ ಹಿಡಿದುಕೊಂಡವನು ಅಂತಾರೆ. ಒಂದೇ ಪದ. ಉತ್ತರದಲ್ಲಿ ಕೆಲಸದಂಗಿ, ನೈಋತ್ಯದಲ್ಲಿ ಜಾಕೆಟ್, ಆಗ್ನೇಯದಲ್ಲಿ ಲಂಗ. ಪರೀಕ್ಷೆಗೆ ಓದುವವರ ಗತಿ ಯೋಚಿಸಿ.

ಇನ್ನೊಂದು ಇದೆ, ಅದನ್ನು ಬಿಡಲು ಮನಸ್ಸಿಲ್ಲ. ‘ಕಿಟ್ಟೆಲ್‌ಶ್ಯುರ್ಟ್ಸೆ’. ಹೆಂಗಸರು ಮನೆಗೆಲಸ ಮಾಡುವಾಗ ಹಾಕುತ್ತಿದ್ದ ತೋಳಿಲ್ಲದ, ಮುಂದೆ ಗುಂಡಿ ಇರುವ, ದೊಡ್ಡ ದೊಡ್ಡ ಹೂವಿನ ಪ್ರಿಂಟಿನ ನಿಲುವಂಗಿ. ಹಿಂದಿನ ಪೂರ್ವ ಜರ್ಮನಿಯಲ್ಲಿ ಇದನ್ನು ಡೆಡೆರಾನ್ ಅನ್ನುವ ನೈಲಾನ್ ಜಾತಿಯ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಆ ಹೆಸರಿನಲ್ಲೇ ದೇಶದ ಹೆಸರಿನ ಮೂರು ಅಕ್ಷರ ಅಡಗಿದೆ, ಡಿಡಿಆರ್. ಒಗೆದರೆ ಅರ್ಧ ಗಂಟೆಯಲ್ಲಿ ಒಣಗುತ್ತೆ, ಇಸ್ತ್ರಿ ಬೇಡ, ಬೇಸಿಗೆಯಲ್ಲಿ ಮಾತ್ರ ಬೆವರು ಹರಿಯುತ್ತೆ. ತರಕಾರಿ ತರಲಿಕ್ಕೆ, ಕಾಂಪೌಂಡಿನಲ್ಲಿ ನಿಂತು ಪಕ್ಕದ ಮನೆಯವರ ಜೊತೆ ಮಾತಾಡಲಿಕ್ಕೆ ಎಲ್ಲಕ್ಕೂ ಅದೇ. ನಮ್ಮ ಕಡೆಯ ನೈಟಿ ನೆನಪಾಯಿತು ಅಲ್ವಾ? ನನಗೂ ಅದೇ ಆಗಿದ್ದು. ಅದರ ‘ಶ್ಯುರ್ಟ್ಸೆ’ ಅನ್ನುವ ಭಾಗ ಇದೆಯಲ್ಲ, ಅಂದರೆ ಏಪ್ರನ್, ಅದು ಇಂಗ್ಲಿಷಿನ ಶರ್ಟ್, ಸ್ಕರ್ಟ್ ಎರಡಕ್ಕೂ ದಾಯಾದಿ. ‘ಕತ್ತರಿಸಿ ಗಿಡ್ಡ ಮಾಡಿದ್ದು’ ಅನ್ನುವ ಅರ್ಥದ ಒಂದೇ ಬೇರಿನಿಂದ ಬಂದವು. ಹಾಗಾಗಿ ನಮ್ಮ ಅಜ್ಜಂದಿರ ‘ಷರಟು’ ಕೂಡ ಆ ಮನೆತನದ್ದೇ. ‘ಕೋಟು’ ಸಹ ಇಂಗ್ಲಿಷಿಗೆ ಹಳೆ ಫ್ರೆಂಚಿನಿಂದ, ಫ್ರೆಂಚಿಗೆ ಫ್ರಾಂಕ್ ಜನರ ಜರ್ಮಾನಿಕ್ ಭಾಷೆಯಿಂದ ಬಂದದ್ದು. ಜರ್ಮಾನಿಕ್ ಅಂದರೆ ಜರ್ಮನ್, ಇಂಗ್ಲಿಷ್, ಡಚ್ ಎಲ್ಲ ಸೇರಿದ ಭಾಷೆಗಳ ಮನೆತನ. ನಮ್ಮ ಬೀರುವಿನಲ್ಲಿ ಜರ್ಮಾನಿಕ್ ಪದಗಳು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇವೆ.

ಈಗ ಯಜಮಾನರ ಕೆಟಲ್.

ಕೆಟಲ್ ಪದದ ಮೂಲ ಲ್ಯಾಟಿನ್. ‘ಕಟೀನುಸ್’ ಅಂದರೆ ಬೋಗುಣಿ, ‘ಕಟಿಲ್ಲುಸ್’ ಅಂದರೆ ಚಿಕ್ಕ ಬೋಗುಣಿ. ರೋಮನ್ನರ ಪಾತ್ರೆಗಳ ಜೊತೆ ಪದವೂ ಬಹಳ ಹಿಂದೆಯೇ ಜರ್ಮಾನಿಕ್ ಜನರ ಅಡುಗೆಮನೆಗೆ ಹೋಯಿತು. ಇಂಗ್ಲಿಷಿನಲ್ಲಿ ಕೆಟಲ್ ಆಯಿತು. ಜರ್ಮನ್‌ನಲ್ಲಿ ಏನಾಯಿತು? ‘ಕೆಸ್ಸೆಲ್’. ಟ ಹೋಗಿ ಸ ಬಂತು. ಇದು ಸುಮ್ನೆ ಆಗಿದ್ದಲ್ಲ, ಒಂದು ನಿಯಮ. ಇಂಗ್ಲಿಷಿನ ವಾಟರ್ ಜರ್ಮನ್‌ನಲ್ಲಿ ವಾಸ್ಸರ್. ಬೆಟರ್ ಅಲ್ಲಿ ಬೆಸ್ಸರ್. ಹಾಗೇ ಕೆಟಲ್ ಅಲ್ಲಿ ಕೆಸ್ಸೆಲ್. ನಮ್ಮಲ್ಲಿ ಹಳಗನ್ನಡದ ಪಾಲು ಹಾಲು, ಪೂವು ಹೂವು, ಪಾವು ಹಾವು ಆದವಲ್ಲ, ಹಾಗೇ ಅಂದುಕೊಳ್ಳಿ. ಒಂದು ಪದಕ್ಕೆ ಆಗಿದ್ದು ಸಾಲಾಗಿ ಎಲ್ಲಕ್ಕೂ ಆಗುತ್ತೆ. ಇಂಗ್ಲಿಷಿನ ಎರಡು ಸ್ವರದ ನಡುವಿನ ಟ ಜರ್ಮನ್‌ನಲ್ಲಿ ಸ ಆಗಿರಬೇಕು. ಆದ್ದರಿಂದ ಜರ್ಮನ್‌ನಲ್ಲಿ ಟ ಉಳಿಸಿಕೊಂಡಿರುವ ಕಿಟ್ಟೆಲ್, ಕೆಟಲ್ ಆಗಲು ಸಾಧ್ಯವಿಲ್ಲ.

ಹಾಗಾದರೆ ಜರ್ಮನ್ ಟ ಎಲ್ಲಿಂದ ಬರುತ್ತೆ? ಹೆಚ್ಚಾಗಿ ಹಳೆಯ ಡ ದಿಂದ. ಇಂಗ್ಲಿಷಿನ ಸ್ಯಾಡಲ್, ಅಂದರೆ ಕುದುರೆಯ ಜೀನು, ಜರ್ಮನ್‌ನಲ್ಲಿ ಸಾಟ್ಟೆಲ್. ಮಿಡಲ್ ಅಲ್ಲಿ ಮಿಟ್ಟೆಲ್. ಅಂದರೆ ಕಿಟ್ಟೆಲ್‌ನ ನೆಂಟರು ಪಕ್ಕದ ಭಾಷೆಗಳಲ್ಲಿ ಇದ್ದರೆ ಅವರ ಬಾಯಲ್ಲಿ ಡ ಇರಬೇಕು. ಇದೆ! ಉತ್ತರ ಜರ್ಮನಿಯ ಹಳೆಯ ಭಾಷೆಯಲ್ಲಿ, ಹಳೆಯ ಡಚ್ಚಿನಲ್ಲಿ ಇದೇ ಅಂಗಿಗೆ ‘ಕೆಡೆಲ್’ ಅನ್ನುತ್ತಿದ್ದರು. ಡಚ್ಚರು ಆಮೇಲೆ ನಡುವಿನ ಡ ನುಂಗಿ ಅದನ್ನು ‘ಕೀಲ್’ ಮಾಡಿದರು. ಇವತ್ತಿಗೂ ನೆದರ್ಲೆಂಡ್ಸ್‌ನ ಬ್ರಬಾಂಟ್ ಕಡೆ ಕಾರ್ನಿವಲ್ ಬಂದರೆ ಜನ ನೀಲಿ ಬಣ್ಣದ ರೈತರ ಕೀಲ್ ಹಾಕಿಕೊಂಡು ಬೀದಿಗೆ ಇಳಿಯುತ್ತಾರೆ. ಅದು ಕಿಟ್ಟೆಲ್‌ನ ತಮ್ಮ.

ಯಜಮಾನರನ್ನು ಪೂರ್ತಿ ಬೈಯಬೇಡಿ ಅಂದೆನಲ್ಲ. ಯಾಕೆ ಅಂದರೆ ಸ್ವೀಡಿಶ್ ಭಾಷೆಯಲ್ಲಿ ‘ಕಿಟ್ಟೆಲ್’ ಅಂದರೆ ನಿಜವಾಗಿಯೂ ಹಂಡೆ, ಕೆಟಲ್! ಅದೇ ಅಕ್ಷರ, ಅದೇ ಬರಹ, ಬೇರೆ ಪದ. ಪಕ್ಕದ ಡೆನ್ಮಾರ್ಕಿಗೆ ಬನ್ನಿ, ಅಲ್ಲಿ ಕಿಟ್ಟೆಲ್ ಅಂದರೆ ಮತ್ತೆ ಜರ್ಮನ್‌ನಿಂದ ಸಾಲ ತಂದ ಕೆಲಸದಂಗಿ. ಸ್ವೀಡನ್ನಿನವನು ಡೆನ್ಮಾರ್ಕಿನ ಆಸ್ಪತ್ರೆಯಲ್ಲಿ ‘ಡಾಕ್ಟರ್ ಬಿಳಿ ಕಿಟ್ಟೆಲ್‌ನಲ್ಲಿದ್ದಾರೆ’ ಅಂತ ಓದಿದರೆ ಏನಂದುಕೊಳ್ಳಬೇಕು, ಹೇಳಿ. ಇನ್ನೊಂದು ವಿಷಯ, ಹಂಡೆಯಿಂದಲೂ ಮನುಷ್ಯರ ಹೆಸರುಗಳು ಬಂದಿವೆ. ಸ್ವೀಡನ್, ಡೆನ್ಮಾರ್ಕ್ ಕಡೆಯ ಹಳೆಯ ನಾರ್ಸ್ ಭಾಷೆಯ ‘ಥೋರ್‌ಕೆಟಿಲ್’ ಅಂದರೆ ಥೋರ್ ದೇವರ ಹಂಡೆ. ಇವತ್ತಿನ ಟೋರ್ಕೆಲ್ ಅದೇ. ಹಾಗಾಗಿ ಪಾತ್ರೆಯ ಹೆಸರನ್ನು ಯಾರು ಇಟ್ಟುಕೊಳ್ಳುತ್ತಾರೆ ಅಂತ ಯಜಮಾನರನ್ನು ಆಡಿಕೊಳ್ಳುವ ಹಾಗಿಲ್ಲ. ಅವರ ದಾರಿ ಸರಿ ಇತ್ತು, ದೇಶ ತಪ್ಪಿತು ಅಷ್ಟೇ.

ಸರಿ, ಈ ಮೇಲಂಗಿಯ ಪದಕ್ಕೆ ಬೇರು ಯಾವುದು? ಮಧ್ಯಕಾಲದ ಜರ್ಮನ್‌ನಲ್ಲಿ ‘ಕಿಟೆಲ್’, ‘ಕೀಟೆಲ್’ ಅಂತ ಸಿಗುತ್ತೆ, ಹಗುರವಾದ ಮೇಲುಡುಪು ಅನ್ನುವ ಅರ್ಥದಲ್ಲಿ. ಅದಕ್ಕೂ ಹಿಂದೆ ಹೋದರೆ ವಿದ್ವಾಂಸರು ಜಗಳವಾಡುತ್ತಾರೆ. ಒಂದು ಗುಂಪು ಅರಬ್ಬಿಯ ‘ಕುತ್ನ್’ ತೋರಿಸುತ್ತೆ. ಕುತ್ನ್ ಅಂದರೆ ಹತ್ತಿ. ಇಂಗ್ಲಿಷಿನ ಕಾಟನ್ ಬಂದಿದ್ದು ಅಲ್ಲಿಂದಲೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಕಿಟ್ಟೆಲ್ ಕೂಡ ಅಲ್ಲಿಂದ ಅನ್ನುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ. ಕೊನೆಯ ನ ಎಲ್ಲಿ ಹೋಯಿತು? ಲ ಎಲ್ಲಿಂದ ಬಂತು? ಅದಕ್ಕಿಂತ ಹೆಚ್ಚಾಗಿ, ಅಲ್ಲಿನ ಹಳ್ಳಿಯವರ ಮೇಲಂಗಿ ಅಂದರೆ ಅಗಸೆ ನಾರಿನದು, ಸೆಣಬಿನ ಜಾತಿಯ ನಾರಿನದು. ಹತ್ತಿ ದೂರದಿಂದ ಬರಬೇಕಿತ್ತು, ದುಬಾರಿ. ಹೊಲದಲ್ಲಿ ಕೊಳೆ ಮಾಡಿಕೊಳ್ಳುವ ಅಂಗಿಗೆ ಹತ್ತಿಯ ಹೆಸರು ಯಾಕೆ? ಹೆಸರು ಕೇಳಲಿಕ್ಕೆ ಹತ್ತಿರ ಇದೆ ಅಂತ ಗಂಟು ಹಾಕಿದ್ದು, ಅಷ್ಟೇ.

ಇಂಗ್ಲಿಷಿನಲ್ಲಿ ‘ಕರ್ಟಲ್’ ಅಂತ ಹಳೆಯ ಉಡುಪಿನ ಹೆಸರು ಒಂದಿದೆ. ಅದನ್ನೂ ಇದಕ್ಕೆ ಜೋಡಿಸುವವರಿದ್ದಾರೆ. ಬೇಡ. ಅದು ಗಿಡ್ಡ ಅನ್ನುವ ಅರ್ಥದ ಲ್ಯಾಟಿನ್ ‘ಕುರ್ಟುಸ್’ನಿಂದ ಬಂದದ್ದು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಕೋಟು ಅಂತ ಅಡ್ಡಹೆಸರು ಇಟ್ಟುಕೊಳ್ಳುತ್ತಾರಾ?

ಬೇರೆ ಯಾರಾದರೂ ಕೇಳಿದ್ದರೆ ಸರಿ, ಧಾರವಾಡದವರು ಈ ಪ್ರಶ್ನೆ ಕೇಳಬಾರದು ಮೇಡಂ! ನಿಮ್ಮ ಓಣಿಯಲ್ಲೇ ಒಂದು ಸುತ್ತು ಹಾಕಿ ಬನ್ನಿ. ಮೆಣಸಿನಕಾಯಿ ಅವರು ಇದ್ದಾರೆ, ಉಳ್ಳಾಗಡ್ಡಿ ಅವರು ಇದ್ದಾರೆ, ಬೆಲ್ಲದ, ಅಕ್ಕಿ, ಅಂಗಡಿ, ಜವಳಿ ಎಲ್ಲ ಇದ್ದಾರೆ. ಕುಬಸದ ಅಂತಲೂ ಅಡ್ಡಹೆಸರು ಇದೆ. ಕಿಟ್ಟೆಲ್ ಅಂದರೆ ಹೆಚ್ಚು ಕಡಿಮೆ ಜರ್ಮನಿಯ ಕುಬಸದ. ಮೈಸೂರು ಕಡೆಯವರಿಗೆ ಅಪ್ಪನ ಹೆಸರಿನ, ಊರಿನ ಇನಿಷಿಯಲ್ ಅಭ್ಯಾಸ, ಅವರಿಗೆ ಇದನ್ನು ಬಿಡಿಸಿ ಹೇಳಬೇಕು. ನಿಮಗೆ ಹೇಳಬೇಕಾಗಿಲ್ಲ. ಫರ್ಡಿನಾಂಡ್ ಕಿಟ್ಟೆಲ್ ಅವರು ಹುಬ್ಬಳ್ಳಿ, ಧಾರವಾಡದ ಕಡೆ ಓಡಾಡಿ ಪದ ಕೂಡಿಸಿದವರು. ಈ ಮೆಣಸಿನಕಾಯಿ, ಉಳ್ಳಾಗಡ್ಡಿಗಳ ನಡುವೆ ಅವರ ಹೆಸರು ಅಷ್ಟೇನೂ ಪರಕೀಯ ಅಲ್ಲ.

ಜರ್ಮನಿಯಲ್ಲಿ ಅಡ್ಡಹೆಸರುಗಳು 12ನೇ ಶತಮಾನದಿಂದ ಆಚೆಗೆ ಗಟ್ಟಿಯಾಗತೊಡಗಿದವು. ಮೊದಲು ಪಟ್ಟಣಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ. ಕಾರಣ ಸರಳ. ಒಂದೇ ಬೀದಿಯಲ್ಲಿ ಐದು ಜನ ಹಾನ್ಸ್ ಇದ್ದರೆ ತೆರಿಗೆ ಬರೆದುಕೊಳ್ಳುವ ಗುಮಾಸ್ತ ಏನು ಮಾಡಬೇಕು? ಕಮ್ಮಾರ ಹಾನ್ಸ್, ಗಿರಣಿ ಹಾನ್ಸ್, ಹೊಳೆದಂಡೆ ಹಾನ್ಸ್, ಕುಳ್ಳ ಹಾನ್ಸ್ ಅಂತ ಬರೆದ. ಇವತ್ತಿಗೂ ಜರ್ಮನಿಯಲ್ಲಿ ಅತಿ ಹೆಚ್ಚು ಜನರಿಗಿರುವ ಹೆಸರು ಮ್ಯುಲ್ಲರ್, ಅಂದರೆ ಗಿರಣಿಯವನು. ಎರಡನೆಯದು ಶ್ಮಿಟ್, ಕಮ್ಮಾರ. ಶುಲ್ಟ್ಸೆ ಅಂದರೆ ಊರ ಮುಖಂಡ, ನಮ್ಮ ಗೌಡರೋ ಪಾಟೀಲರೋ ಇದ್ದ ಹಾಗೆ.

ಇದರಲ್ಲೇ ಒಂದು ಒಳದಾರಿ ಇದೆ. ಕಸುಬಿನ ಹೆಸರು ಹೇಳುವ ಬದಲು ಕಸುಬಿನ ವಸ್ತುವಿನ ಹೆಸರನ್ನೇ ಮನುಷ್ಯನಿಗೆ ಅಂಟಿಸುವುದು. ನಾವು ರಸ್ತೆಯಲ್ಲಿ ನಿಂತು ‘ಏ ಆಟೋ’ ಅಂತ ಕೂಗುತ್ತೇವೆ. ನಿಲ್ಲಿಸುವುದು ಆಟೋ ಅಲ್ಲ, ಡ್ರೈವರು. ‘ಪೇಪರ್ ಬಂದಿದ್ದ, ದುಡ್ಡು ಕೇಳಿದ’ ಅಂತೀವಿ. ಬಂದಿದ್ದು ಹುಡುಗ. ಹಾಗೆಯೇ ಮೇಲಂಗಿ ಹೊಲಿಯುವವನು, ಮಾರುವವನು ಊರವರ ಬಾಯಲ್ಲಿ ಕಿಟ್ಟೆಲ್ ಆದ. ಇಲ್ಲವೇ ಯಾವಾಗ ನೋಡಿದರೂ ಅದೇ ಮೇಲಂಗಿಯಲ್ಲಿ ಕಾಣುತ್ತಿದ್ದವನು ಕಿಟ್ಟೆಲ್ ಆದ. ಇವೆರಡರಲ್ಲಿ ಯಾವುದು ಅಂತ ಪ್ರತಿ ಮನೆತನಕ್ಕೂ ಬೇರೆ ಬೇರೆ ಇರಬಹುದು. ಎರಡೂ ದಾರಿ ಮಾಮೂಲು. ಬಟ್ಟೆಯಿಂದ ಬಂದ ಹೆಸರು ಇದೊಂದೇ ಅಲ್ಲ. ಮಾಂಟೆಲ್ ಅಂದರೆ ಓವರ್‌ಕೋಟು, ಹೂಟ್ ಅಂದರೆ ಟೋಪಿ, ಶೂ ಅಂದರೆ ಶೂನೇ. ಲಾಂಗ್‌ರಾಕ್ ಅಂದರೆ ಉದ್ದಂಗಿ. ವೈಸ್‌ಮಾಂಟೆಲ್ ಅಂದರೆ ಬಿಳಿ ಓವರ್‌ಕೋಟು. ಬಾರ್‌ಫೂಸ್ ಅಂತಲೂ ಹೆಸರಿದೆ. ಬರಿಗಾಲಿನವನು! ಏನೂ ಹಾಕದಿದ್ದರೂ ಬಿಡಲಿಲ್ಲ ಜನ.

ಕಿಟ್ಟೆಲ್ ಅವರನ್ನು ಇಲ್ಲಿಗೆ ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್. ಅದರವರಲ್ಲೇ ಇನ್ನೊಂದು ಹೆಸರು ನೋಡಿ. ಶಾಲಾ ಮಕ್ಕಳಿಗೆ ಇಂಗ್ಲಿಷ್ ಕನ್ನಡ ನಿಘಂಟು ಮಾಡಿದ ಝೀಗ್ಲರ್. ಆ ಹೆಸರಿನ ಅರ್ಥ ಇಟ್ಟಿಗೆ, ಹೆಂಚು ಸುಡುವವನು. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ ಎರಡನ್ನೂ ನಡೆಸಿದ ಸಂಸ್ಥೆಯಲ್ಲಿ ಒಬ್ಬರ ಹೆಸರು ಹೆಂಚು, ಒಬ್ಬರ ಹೆಸರು ಅಂಗಿ, ಆದರೆ ಇಬ್ಬರೂ ಮಾಡಿದ್ದು ನಿಘಂಟು. ನನಗಂತೂ ಇದು ನೆನೆದಾಗಲೆಲ್ಲ ನಗು ಬರುತ್ತೆ.

ಜಾತಿಯ ಪ್ರಶ್ನೆಗೆ ಉತ್ತರ, ಇಲ್ಲ. ನಮ್ಮಲ್ಲಿ ಬಡಿಗೇರ, ಪತ್ತಾರ ಅಂದರೆ ಕೇಳಿದವರು ಕೂಡಲೇ ಒಂದು ಲೆಕ್ಕ ಹಾಕುತ್ತಾರೆ. ಅಲ್ಲಿ ಶ್ಮಿಟ್ ಅಂದರೆ ಯಾರೂ ಕಮ್ಮಾರ ಕುಲ ಅಂತ ಲೆಕ್ಕ ಹಾಕುವುದಿಲ್ಲ. ಹೆಸರು ಗಟ್ಟಿಯಾದ ಮೇಲೆ ಕಸುಬು ಕೈಬಿಟ್ಟು ಹೋಯಿತು, ಮದುವೆಗೂ ಅದಕ್ಕೂ ನಂಟಿರಲಿಲ್ಲ. ಇನ್ನೊಂದು ಮಾತು ನೆನಪಿಡಿ. ಮೇಲಂಗಿ ಹೊಲಿಯುವವರು ಎಲ್ಲ ಊರಲ್ಲೂ ಇದ್ದರು. ಆದ್ದರಿಂದ ಕಿಟ್ಟೆಲ್ ಹೆಸರು ಹಲವು ಊರುಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಹೆಸರು ಒಂದೇ ಅಂದ ಮಾತ್ರಕ್ಕೆ ನೆಂಟರು ಅಂತ ತೀರ್ಮಾನ ಮಾಡಬೇಡಿ.

ನಮ್ಮ ಕಿಟ್ಟೆಲ್ ಅವರ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ಅವರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಅನ್ನುವ ಹಳ್ಳಿಯಲ್ಲಿ. ಸಮುದ್ರದ ಪಕ್ಕ, ಚಪ್ಪಟೆ ನೆಲ, ಗಾಳಿ. ಅಪ್ಪ ಪಾದ್ರಿ. ಆ ಪ್ರಾಂತ್ಯದಲ್ಲಿ ಬಹಳ ಕಾಲ ಸ್ಥಿರವಾದ ಅಡ್ಡಹೆಸರೇ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೆಯ ಹೆಸರು. ಯಾನ್ ಅನ್ನುವವನ ಮಗ ಹಾರ್ಮ್ ಆದರೆ ಅವನು ಹಾರ್ಮ್ ಯಾನ್ಸೆನ್. ಅವನ ಮಗ ಮತ್ತೆ ಯಾನ್ ಆದರೆ ಯಾನ್ ಹಾರ್ಮ್ಸ್. ತಲೆಮಾರಿಗೊಂದು ಬದಲಾಗುತ್ತಾ ಹೋಗುತ್ತೆ, ನಮ್ಮ ಹಳೇ ಮೈಸೂರಿನ ಇನಿಷಿಯಲ್ ತರಹ. 1811ರಲ್ಲಿ ಆ ಕಡೆ ನೆಪೋಲಿಯನ್ನನ ಆಳ್ವಿಕೆ ಇದ್ದಾಗ ಎಲ್ಲರೂ ಒಂದು ಅಡ್ಡಹೆಸರು ಹಿಡಿದು ಅದನ್ನೇ ಉಳಿಸಿಕೊಳ್ಳಬೇಕು ಅಂತ ಆಜ್ಞೆ ಹೊರಟಿತು. ಜನ ಸುಲಭಕ್ಕೆ ಕೇಳಲಿಲ್ಲ, ಹಳೆ ಅಭ್ಯಾಸ ಆಮೇಲೂ ನಡೆಯಿತು. ಈ ಯಾನ್ಸೆನ್, ಹಾರ್ಮ್ಸ್‌ಗಳ ನಡುವೆ ಕಿಟ್ಟೆಲ್ ಅನ್ನುವುದು ಬೇರೆ ಅಚ್ಚಿನ ಹೆಸರು. ಅದರಲ್ಲಿರುವ ಟ ನೋಡಿದರೇ ಗೊತ್ತಾಗುತ್ತೆ, ಇದು ದಕ್ಷಿಣದ ರೂಪ. ಉತ್ತರದ್ದಾಗಿದ್ದರೆ ಡ ಇರಬೇಕಿತ್ತು ಅಂತ ಆಗಲೇ ಹೇಳಿದೆನಲ್ಲ. ಅಲ್ಲಿ ಪಾದ್ರಿಗಳು ನಮ್ಮ ಹೈಸ್ಕೂಲ್ ಮೇಷ್ಟ್ರುಗಳ ಹಾಗೆ, ಕೆಲಸ ಸಿಕ್ಕ ಊರಿಗೆ ಹೋಗುವವರು.

ಯಜಮಾನರಿಗೆ ಇಲ್ಲೊಂದು ಸಮಾಧಾನದ ಬಹುಮಾನ ಕೊಡಬಹುದು. ಪೂರ್ವ ಫ್ರೀಸ್‌ಲ್ಯಾಂಡ್ ಅಂದರೆ ಜರ್ಮನಿಯ ಚಹಾ ನಾಡು. ಉಳಿದ ಜರ್ಮನಿ ಕಾಫಿ ಕುಡಿದರೆ ಇವರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. ಲೋಟದ ತಳದಲ್ಲಿ ಕಲ್ಲುಸಕ್ಕರೆ, ಮೇಲೆ ಬಿಸಿ ಬಿಸಿ ಕಪ್ಪು ಚಹಾ, ಸಕ್ಕರೆ ಚಿಟಿ ಚಿಟಿ ಅನ್ನುತ್ತೆ. ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ. ಕಲಕಬಾರದು. ಆ ಚಹಾಕ್ಕೆ ನೀರು ಕಾಯಿಸುವ ಪಾತ್ರೆಗೆ ಅಲ್ಲಿನ ಉತ್ತರದ ಆಡುಮಾತಿನಲ್ಲಿ ‘ಕೇಟೆಲ್’ ಅನ್ನುತ್ತಾರೆ. ಅಲ್ಲಿ ಟ ಸ ಆಗಲಿಲ್ಲ, ಇಂಗ್ಲಿಷಿನ ಹಾಗೇ ಉಳಿಯಿತು. ಅಂದರೆ ಪುಟ್ಟ ಫರ್ಡಿನಾಂಡನ ಊರಿನಲ್ಲಿ ಕೇಟೆಲ್ ಒಲೆಯ ಮೇಲೆ, ಕಿಟ್ಟೆಲ್ ಪಾದ್ರಿಗಳ ಮನೆಯಲ್ಲಿ!

ಉಳಿದದ್ದು ನಿಮಗೆ ಗೊತ್ತು. 1853ರಲ್ಲಿ ಭಾರತಕ್ಕೆ ಬಂದರು. ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಕಿಟ್ಟೆಲ್ ಅಂದರೆ ಜಾಕೆಟ್ ಅನ್ನುವ ಅದೇ ಊರು, ನಮ್ಮ ಬಾಡಿಗೆ ಅಜ್ಜಿಯ ಊರು.

ಅದೇ ಟ್ಯೂಬಿಂಗನ್‌ನಲ್ಲಿ ಇನ್ನೊಬ್ಬ ಕಿಟ್ಟೆಲ್ ಇನ್ನೊಂದು ನಿಘಂಟು ಮಾಡಿದ. ಗೆರ್ಹಾರ್ಡ್ ಕಿಟ್ಟೆಲ್. ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೊಡ್ಡ ಕೋಶ, ಹತ್ತು ಸಂಪುಟ, 1930ರ ದಶಕದಲ್ಲಿ ಶುರುವಾದದ್ದು. ದೇವತಾಶಾಸ್ತ್ರ ಓದುವವರು ‘ಕಿಟ್ಟೆಲ್ ತೆಗೆದು ನೋಡು’ ಅಂದರೆ ಇದನ್ನೇ, ನಾವು ಅಂದರೆ ಅದನ್ನೇ. ಅವನ ಅಪ್ಪ ರುಡಾಲ್ಫ್ ಕಿಟ್ಟೆಲ್ ಹೀಬ್ರೂ ಬೈಬಲ್ಲಿನ ಪಾಠ ಸಂಪಾದಿಸಿದ ದೊಡ್ಡ ವಿದ್ವಾಂಸ. ಅವರು ಹುಟ್ಟಿದ್ದು 1853ರಲ್ಲಿ, ನಮ್ಮ ಕಿಟ್ಟೆಲ್ ಹಡಗು ಹತ್ತಿದ ವರ್ಷವೇ. ಗೆರ್ಹಾರ್ಡ್‌ನ ಬಗ್ಗೆ ಹೇಳುವಾಗ ಇದನ್ನೂ ಹೇಳಲೇಬೇಕು. ಅವನು 1933ರಲ್ಲಿ ನಾಜಿ ಪಕ್ಷ ಸೇರಿದ, ಯಹೂದಿಗಳ ವಿರುದ್ಧ ಬರೆದ, 1945ರಲ್ಲಿ ಫ್ರೆಂಚರು ಅವನನ್ನು ಬಂಧಿಸಿದರು. ಗೂಗಲ್‌ನಲ್ಲಿ ಬರೀ ‘ಕಿಟ್ಟೆಲ್ ನಿಘಂಟು’ ಅಂತ ಹುಡುಕಿ ಅವನ ಕಥೆ ಓದಿ, ನಮ್ಮ ಕಿಟ್ಟೆಲ್ ಹೀಗಾ ಅಂತ ಗಾಬರಿಯಾದವರು ನನಗೆ ಪತ್ರ ಬರೆದಿದ್ದಾರೆ. ಬೇರೆ ಮನುಷ್ಯ, ಗಾಬರಿ ಬೇಡ.

ಎಂಎಸ್ಸಿ ಫಿಸಿಕ್ಸ್ ಮಾಡಿದವರಿಗೆ ಮೂರನೆಯ ಕಿಟ್ಟೆಲ್ ಗೊತ್ತು. ಅಮೆರಿಕದ ಚಾರ್ಲ್ಸ್ ಕಿಟ್ಟೆಲ್, ಘನವಸ್ತುಗಳ ಭೌತಶಾಸ್ತ್ರದ ಪಠ್ಯಪುಸ್ತಕ ಬರೆದವರು. ಮೊದಲ ಮುದ್ರಣ 1953. ಕನ್ನಡ ಎಂಎ ಹಾಸ್ಟೆಲ್ ರೂಮಿನಲ್ಲೂ ಪಕ್ಕದ ಫಿಸಿಕ್ಸ್ ರೂಮಿನಲ್ಲೂ ಮೇಜಿನ ಮೇಲೆ ಕಿಟ್ಟೆಲ್ ಇರುತ್ತೆ, ಎರಡೂ ದಪ್ಪ. ಇನ್ನು ಸಂಗೀತಗಾರ ಬಾಖ್‌ನ ಕೊನೆಯ ಶಿಷ್ಯರಲ್ಲಿ ಒಬ್ಬ ಆರ್ಗನ್ ವಾದಕ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್, 1732ರಲ್ಲಿ ಎರ್ಫುರ್ಟ್‌ನಲ್ಲಿ ಹುಟ್ಟಿದವನು. ಎರ್ಫುರ್ಟ್‌ಗೆ ಹತ್ತಿರದ ಆರ್ನ್‌ಸ್ಟಾಟ್‌ನಲ್ಲಿ ಹುಟ್ಟಿದ ಸೈಕಲ್ ಪಟು ಮಾರ್ಸೆಲ್ ಕಿಟ್ಟೆಲ್ ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತ ಗೆದ್ದ.

ಅಂದ ಹಾಗೆ, ಯಹೂದಿಗಳ ಕಿಟ್ಟೆಲ್ ಒಂದಿದೆ. ಯಿಡ್ಡಿಶ್ ಭಾಷೆಯಲ್ಲಿ ‘ಕಿಟ್ಲ್’. ಬಿಳಿಯ ನಿಲುವಂಗಿ. ಯೋಮ್ ಕಿಪ್ಪುರ್ ಉಪವಾಸದ ದಿನ ಗಂಡಸರು ಹಾಕುತ್ತಾರೆ, ಪಾಸೋವರ್ ಹಬ್ಬದ ಊಟದ ದಿನ ಮನೆಯ ಹಿರಿಯ ಹಾಕುತ್ತಾನೆ, ಕೆಲವು ಕಡೆ ಮದುವೆಯ ಚಪ್ಪರದಡಿ ಮದುಮಗ ಹಾಕುತ್ತಾನೆ, ಸತ್ತಾಗ ಅದನ್ನೇ ಉಡಿಸಿ ಮಣ್ಣು ಮಾಡುತ್ತಾರೆ. ಸಂಪ್ರದಾಯದ ಪ್ರಕಾರ ಅದಕ್ಕೆ ಜೇಬು ಇರುವುದಿಲ್ಲ. ನಿಮ್ಮ ಮಗಳ ಲ್ಯಾಬ್ ಕೋಟಿಗೂ ಇದಕ್ಕೂ ಹೆಸರು ಒಂದೇ, ಬಣ್ಣ ಒಂದೇ. ಇದರ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪತ್ರ ಆಗುತ್ತೆ.

ಉಚ್ಚಾರದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಾವು ‘ಕಿಟ್ಟೆಲ್’ ಅಂತ ಟ್ಟ ಒತ್ತಿ ಹೇಳುತ್ತೇವೆ, ಕಿಟ್ಟಿ, ಗಟ್ಟಿ ಅಂದ ಹಾಗೆ. ಜರ್ಮನ್ನರು ಒತ್ತುವುದಿಲ್ಲ. ಅವರ ಬರಹದಲ್ಲಿ ಟ ಎರಡು ಸಲ ಬಂದರೆ ಹಿಂದಿನ ಸ್ವರ ಗಿಡ್ಡ ಅಂತ ಸೂಚನೆ, ಅಷ್ಟೇ. ಕೊನೆಯ ಎ ಕೂಡ ಬಾಯಲ್ಲಿ ಕರಗಿ ‘ಕಿಟ್ಲ್’ ಅಂದ ಹಾಗೆ ಕೇಳುತ್ತೆ. ನಾಲಿಗೆ ಹಲ್ಲಿನ ಹಿಂದಿನ ವಸಡಿಗೆ ತಾಗುತ್ತೆ, ನಮ್ಮ ಟ ದಷ್ಟು ಹಿಂದಕ್ಕೆ ಹೋಗುವುದಿಲ್ಲ. ಕಿಟ್ಟೆಲ್, ಕಿಟೆಲ್ ಎರಡೂ ಕನ್ನಡದಲ್ಲಿ ಚಾಲ್ತಿಯಲ್ಲಿವೆ. ಕಿಟೆಲ್ ಕಿವಿಗೆ ಹತ್ತಿರ, ಕಿಟ್ಟೆಲ್ ಕಾಗುಣಿತಕ್ಕೆ ಹತ್ತಿರ. ನನಗೆ ರೂಢಿಯಾದದ್ದು ಕಿಟ್ಟೆಲ್, ಬಿಡಲು ಮನಸ್ಸಿಲ್ಲ.

ನಿಮ್ಮ ನಗೆಗೆ ಕಾರಣವಾದ ಬೋರ್ಡಿನ ವಿಷಯ. ಜರ್ಮನ್ ಬರಹದಲ್ಲಿ ಎಲ್ಲ ನಾಮಪದಗಳಿಗೂ ಮೊದಲ ಅಕ್ಷರ ದೊಡ್ಡದು, ಮೇಜಿಗೂ ದೊಡ್ಡದು ಮನುಷ್ಯನಿಗೂ ದೊಡ್ಡದು. ಆದ್ದರಿಂದ ಆ ಬೋರ್ಡನ್ನು ‘ಕಿಟ್ಟೆಲ್ ಅವರಿಲ್ಲದೆ ಒಳಗೆ ಬರಬೇಡಿ’ ಅಂತ ಓದಿದರೂ ಅಕ್ಷರದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ದಕ್ಷಿಣದ ಕಡೆ ಇನ್ನೂ ಮಜಾ. ಮಾತಿನಲ್ಲಿ ಮನುಷ್ಯರ ಹೆಸರಿಗೂ ‘ದೆರ್’, ಅಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ, ಸೇರಿಸುತ್ತಾರೆ. ‘ದೆರ್ ಕಿಟ್ಟೆಲ್ ಹೊರಗಿದೆ’ ಅಂತಲೂ ಆಗುತ್ತೆ, ‘ಕಿಟ್ಟೆಲ್ ಹೊರಗಿದ್ದಾನೆ’ ಅಂತಲೂ ಆಗುತ್ತೆ. ಹೋಗಿ ನೋಡಿದರೇ ಗೊತ್ತಾಗಬೇಕು, ಗೂಟಕ್ಕೆ ನೇತಾಡುತ್ತಿದೆಯೋ, ಸಿಗರೇಟು ಸೇದುತ್ತಾ ನಿಂತಿದೆಯೋ ಅಂತ.